ಭಾವನ ಇಂಚು

ಕಣ್ಣು ನೋಡಿಸಿದ್ದಕ್ಕೆ ಅರ್ಧ ದಿನದ ಕೂಲಿ, ಕನ್ನಡಕದ ಗಾಜಿಗೆ ಎರಡು ದಿನದ್ದು, ಚೌಕಟ್ಟಿಗೆ ಒಂದು ದಿನದ್ದು. ಅಗ್ಗದ್ದು ಸಾಕು ಎಂದರೂ ಅಂಗಡಿಯವನು ಮೂಗಿನ ಮೇಲೆ ಮೂರು ಚೌಕಟ್ಟು ಕೂರಿಸಿ ನೋಡಿ ನಡುವಿನದ್ದನ್ನು ಕಟ್ಟಿಕೊಟ್ಟನಂತೆ. ಕೆಲಸ ತಪ್ಪಿದ್ದಕ್ಕೆ ಇನ್ನರ್ಧ ದಿನ, ಹೋಗಿಬರುವ ಬಸ್ಸು ಬೇರೆ. ಒರೆಸುವ ಬಟ್ಟೆ ಪುಕ್ಕಟೆ. ಎಲ್ಲ ಸೇರಿ ನಾಲ್ಕು ದಿನದ ದುಡಿಮೆ, ಚಿಲ್ಲರೆ. ಇಷ್ಟೆಲ್ಲ ಭಾವನ ಕಣ್ಣಿಗೆ ಆದ ಖರ್ಚು. ಭಾವನ ಕಣ್ಣಿನಲ್ಲಿ ದೋಷವೇನೂ ಇರಲಿಲ್ಲ. ಅದು ಮೇಸ್ತ್ರಿಗೆ ಹದಿನೆಂಟು ದಿನದಿಂದ ಗೊತ್ತಿತ್ತು.

ಬೆಳಿಗ್ಗೆ ಮರಗೆಲಸದ ಶೆಡ್ಡಿನ ಬಾಗಿಲು ತೆಗೆದಾಗ ಭಾವ ಆಗಲೇ ಹೊರಗೆ ನಿಂತಿದ್ದರು. ಕೊರಳಲ್ಲಿ ಟೇಪು. ಮೂವತ್ತು ವರ್ಷ ಟೈಲರ್ ಆಗಿದ್ದವರು. ಜನ ಹೊಲಿದಿಟ್ಟ ಸಿದ್ಧ ಬಟ್ಟೆಯನ್ನೇ ಕೊಳ್ಳಲು ಶುರುಮಾಡಿ ಅಂಗಡಿ ಮುಚ್ಚಿದ ಮೇಲೆ ಹೆಂಡತಿಯ ತಮ್ಮನಾದ ಮೇಸ್ತ್ರಿಯ ಶೆಡ್ಡಿಗೆ ಅಳತೆಯವರಾಗಿ ಬಂದಿದ್ದರು. ಉಕ್ಕಿನ ಟೇಪು ಕೈಗೆ ಕೊಟ್ಟರೂ ಬಟ್ಟೆಯ ಟೇಪನ್ನು ಕೊರಳಿಂದ ತೆಗೆದಿರಲಿಲ್ಲ. ಕೋಣೆಗೆ ಹೊಕ್ಕರೆ ಕೋಣೆಯ ಎದೆಯಳತೆ ತೆಗೆಯುವವರಂತೆ ಒಮ್ಮೆ ಹಿಂದೆ ಸರಿದು ನೋಡಿ, ಆಮೇಲೆ ಬಗ್ಗುತ್ತಿದ್ದರು. ಈಗ ಮೂಗಿನ ಮೇಲೆ ಕನ್ನಡಕ ಬಂದು ಆ ಹಿಂದೆ ಸರಿಯುವುದು ಎರಡು ಹೆಜ್ಜೆಯಾಗಿತ್ತು.

"ಹೇಗಿದೆ ಭಾವ, ಕಾಣ್ತಿದೆಯಾ?" ಎಂದು ಮೇಸ್ತ್ರಿ ಕೇಳಿದ. ಕೇಳದೆ ಇರುವುದು ಇನ್ನೂ ಕಷ್ಟವಾಗಿತ್ತು.

"ಮೊದಲೂ ಕಾಣ್ತಿತ್ತಲ್ಲೋ. ಅದೇ ಹೆದರಿಕೆ. ತಪ್ಪು ಕಾಣೋವಾಗಲೂ ಸರಿಯಾಗೇ ಕಾಣ್ತಿತ್ತು." ಭಾವ ಕನ್ನಡಕ ಎತ್ತಿ ಕಣ್ಣುಜ್ಜಿದರು. "ಡಾಕ್ಟ್ರು ಏನಂದ್ರು ಗೊತ್ತಾ? ವಯಸ್ಸಿಗೆ ತಕ್ಕ ಹಾಗಿದೆ, ಬೇಕಿದ್ರೆ ಹಾಕ್ಕೊಳ್ಳಿ ಅಂದ್ರು. ಬೇಕಿದ್ರೆ ಅಂದ್ರೆ ಏನರ್ಥ? ಬೇಕು ಅಂತ ತಾನೇ. ಮುಖಕ್ಕೆ ಹೇಳೋಕೆ ಅವರಿಗೆ ದಾಕ್ಷಿಣ್ಯ."

ಒಳಗೆ ಪಾಲಿಶಿನವಳು ಉಪ್ಪುಕಾಗದ ತಿಕ್ಕುತ್ತ ಕೂತಿದ್ದಳು. ಅವಳ ಬಾಯಿಗೆ ಶೆಡ್ಡಿನಲ್ಲಿ ಬೀಗವಿರಲಿಲ್ಲ. "ಟೈಲರಣ್ಣ, ಕನ್ನಡಕ ಚೆನ್ನಾಗಿದೆ. ಈಗ ನೀವು ಅಳೆದ್ರೆ ಮರ ಬೆಳೆಯತ್ತೆ ಬಿಡಿ," ಎಂದಳು. ಭಾವ ನಕ್ಕರು. ಬಾಗಿಲಿಗೆ ಪಟ್ಟಿ ಸಾಲದೆ ಬಂದರೆ, ಡಬ್ಬಿಯಲ್ಲಿ ವಾರ್ನಿಷ್ ಒಂದು ಬೆರಳು ಕಡಿಮೆಯಾದರೆ, ಚಹಾದ ಲೋಟ ತುಂಬದಿದ್ದರೂ ಈಗ ಶೆಡ್ಡಿನಲ್ಲಿ ಅದಕ್ಕೊಂದು ಹೆಸರಿತ್ತು: ಭಾವನ ಇಂಚು. "ಚಹಾ ಇವತ್ತು ಭಾವನ ಇಂಚು ಕಣ್ರೀ" ಎಂದು ಅವಳು ಅಂದಾಗ ಭಾವನೇ ಎಲ್ಲರಿಗಿಂತ ಮೊದಲು ನಗುತ್ತಿದ್ದರು. ಅವರು ನಗದೆ ಮುಖ ಊದಿಸಿಕೊಂಡಿದ್ದರೆ ಮೇಸ್ತ್ರಿಗೆ ಒಂದು ಸ್ವಲ್ಪ ಹಗುರವಾಗುತ್ತಿತ್ತು. ಸಿಟ್ಟು ಮಾಡಿಕೊಂಡವರಿಗೆ ಸಮಾಧಾನ ಹೇಳಬಹುದು. ನಗುವವರಿಗೆ ಏನು ಹೇಳುವುದು?

ಆಗಿದ್ದು ಇಷ್ಟೇ. ವಾಚನಾಲಯದ ಹೊಸ ಕಟ್ಟಡ, ಹದಿನೆಂಟು ಮೆಟ್ಟಿಲು, ಪಕ್ಕದಲ್ಲಿ ಕೈ ಹಿಡಿದು ಹತ್ತಲು ಕೆಳಗಿನ ಕಂಬದಿಂದ ಮೇಲಿನ ಕಂಬಕ್ಕೆ ಒಂದೇ ಮರ, ನಡುವೆ ಜೋಡಣೆ ಇರಕೂಡದು. ಇಪ್ಪತ್ತು ಅಡಿಗೆ ಮಿಕ್ಕಿದ, ಗಂಟಿಲ್ಲದ, ತಿರುಚಿಲ್ಲದ ಮರ ಸಿಗುವುದೆಂದರೆ ಸಂಬಂಧ ಹುಡುಕಿದ ಹಾಗೆ. ಎರಡು ತಿಂಗಳು ಅಲೆದು ತಂದದ್ದು. ಮೆಟ್ಟಿಲ ಮೇಲೆಲ್ಲ ಗಾರೆಯವರ ಹಲಗೆ, ಚೀಲ, ಸಾರುವೆಯ ಗಳ. ಓರೆಯಾಗಿ ಟೇಪು ಎಳೆಯುವಂತಿರಲಿಲ್ಲ, ಎಳೆದರೂ ಅಷ್ಟುದ್ದಕ್ಕೆ ನಡುವೆ ಜೋತು ಹೊಟ್ಟೆ ಬಿಡುತ್ತದೆ. ನಕ್ಷೆ ಇತ್ತು, ಆದರೆ ನಕ್ಷೆ ನಂಬಿ ಯಾವ ಬಡಗಿಯೂ ಮರಕ್ಕೆ ಗರಗಸ ಇಡುವುದಿಲ್ಲ. ಗಾರೆಯವರು ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಅದಕ್ಕೆ ಬೆನ್ನು ಹಾಕಿ ಕಟ್ಟುತ್ತಾರೆ. ಭಾವ ನೆಲದುದ್ದ ಅಳೆದರು: ಇನ್ನೂರ ಹದಿನಾರು ಇಂಚು. ಎತ್ತರ ಅಳೆದರು: ನೂರ ಎಂಟು. ಓರೆಯ ಉದ್ದ ಮೇಸ್ತ್ರಿಯ ಕೆಲಸ. ಎರಡೂ ಅಳತೆಗಳ ವರ್ಗ ಕೂಡಿಸಿ, ವರ್ಗಮೂಲ ತೆಗೆಯಬೇಕು. ಅದನ್ನು ಅವನು ಎಂದೂ ಫೋನಿನಲ್ಲಿ ಮಾಡಿದವನಲ್ಲ. ಕಿವಿಯ ಮೇಲಿನ ಪೆನ್ಸಿಲು, ಕೈಗೆ ಸಿಕ್ಕ ಹಲಗೆ ತುಂಡು, ಅಷ್ಟೇ. ಬೇರೆ ಬಡಗಿಗಳು ಎರಡು ಇಂಚು ಹೆಚ್ಚು ಬಿಟ್ಟು ಕತ್ತರಿಸಿ, ಸ್ಥಳದಲ್ಲಿ ಹಿಡಿದು ನೋಡಿ ಮತ್ತೆ ಕೊಯ್ಯುತ್ತಾರೆ. ಅದು ಲೆಕ್ಕ ಬಾರದವರ ಕೆಲಸ ಎನ್ನುತ್ತಿದ್ದ ಮೇಸ್ತ್ರಿ. ಅವನದು ಒಂದೇ ಕೊಯ್ತ.

ಆವತ್ತು ಗುತ್ತಿಗೆದಾರ ಪಕ್ಕದಲ್ಲೇ ನಿಂತಿದ್ದ, ಕಂಕುಳಲ್ಲಿ ಹೆಲ್ಮೆಟ್ಟು, ಕೈಯಲ್ಲಿ ಫೋನು. "ಯಾಕೆ ಮೇಸ್ತ್ರಿ ಕಷ್ಟ ಪಡ್ತೀರಾ? ಫೋನ್ ಕೊಡ್ಲಾ? ಎರಡು ಸಲ ಒತ್ತಿದ್ರೆ ಬಂತು."

"ಬೇಡ ಸಾರ್. ನಿಮ್ಮ ಫೋನ್ ಕಣ್ಣುಬಿಡೋ ಹೊತ್ತಿಗೆ ನಂದು ಮುಗಿದಿರತ್ತೆ."

ಇನ್ನೂರ ಹದಿನಾರು ಎಂದರೆ ಎರಡು ನೂರೆಂಟು. ಎತ್ತರ ಒಂದು ನೂರೆಂಟು. ಹಾಗಾಗಿ ನೂರೆಂಟನ್ನು ಆಚೆ ತೆಗೆದರೆ ಒಳಗೆ ಉಳಿಯುವುದು ಎರಡರ ವರ್ಗ ನಾಲ್ಕು, ಒಂದರ ವರ್ಗ ಒಂದು, ಕೂಡಿದರೆ ಐದು. ಐದರ ಮೂಲ ತೆಗೆದು ನೂರೆಂಟರಿಂದ ಗುಣಿಸಿದರಾಯಿತು. ಇದನ್ನು ಹೇಳಿಕೊಟ್ಟವಳು ಅಕ್ಕ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಬೆಳ್ಳುಳ್ಳಿ ಸುಲಿಯುತ್ತ, ಸಿಪ್ಪೆಯನ್ನು ಎರಡೆರಡಾಗಿ ಸಾಲು ಮಾಡಿ. "ಮೂಲದ ಮನೆಯೊಳಗೆ ಯಾರಿಗೆ ಜೋಡಿ ಸಿಗ್ತೋ ಅವರು ಆಚೆ ಬರ್ತಾರೆ, ಇಬ್ಬರ ಬದಲು ಒಬ್ಬರಾಗಿ. ಜೋಡಿ ಸಿಗದವನು ಒಳಗೇ ಕೂತಿರ್ತಾನೆ. ಅವನನ್ನ ಹಗುರವಾಗಿ ನೋಡ್ಬೇಡ. ಒಳಗಿರೋನ ಲೆಕ್ಕದಲ್ಲಿ ಒಂದು ಕಾಳು ತಪ್ಪಿದ್ರೆ, ಆಚೆ ಇರೋನು ಅದನ್ನ ತನ್ನಷ್ಟು ಪಟ್ಟು ಮಾಡಿ ಎದುರಿಗೆ ತಂದಿಡ್ತಾನೆ. ಗುಣಿಸೋದು ಮುಗಿಯೋವರೆಗೂ ಬಾಲ ಕತ್ತರಿಸ್ಬೇಡ ಕಣೋ." ಅವಳ ಬೆರಳಿಗೆ ಬೆಳ್ಳುಳ್ಳಿ ವಾಸನೆ. ಅವನ ನೋಟುಬುಕ್ಕಿನ ಪುಟಗಳಿಗೂ ಅದೇ ವಾಸನೆ ಹತ್ತಿ, ಲೆಕ್ಕದ ಮೇಷ್ಟರು ಪುಸ್ತಕ ಮೂಗಿನಿಂದ ದೂರ ಹಿಡಿದು ತಿದ್ದುತ್ತಿದ್ದರು. ತರಗತಿಯಲ್ಲಿ ಎಲ್ಲರೂ ನಕ್ಕಿದ್ದರು. ಅವನು ಮಾತ್ರ ಲೆಕ್ಕ ಸರಿ ಬರೆದಿದ್ದ.

ಐದರೊಳಗೆ ಎರಡರ ವರ್ಗ ನಾಲ್ಕು ಹೋಯಿತು, ಉಳಿದದ್ದು ಒಂದು. ಎರಡು ಸೊನ್ನೆ ಇಳಿಸಿದರೆ ನೂರು. ಎರಡನ್ನು ಇಮ್ಮಡಿಸಿ ನಾಲ್ಕು, ಪಕ್ಕದಲ್ಲಿ ಎರಡಿಟ್ಟು ನಲವತ್ತೆರಡು, ಎರಡಲೆ ಎಂಬತ್ತನಾಲ್ಕು. ಉಳಿದದ್ದು ಹದಿನಾರು. ಮತ್ತೆರಡು ಸೊನ್ನೆ. ಇಪ್ಪತ್ತೆರಡರ ಇಮ್ಮಡಿ ನಲವತ್ತನಾಲ್ಕು, ಪಕ್ಕಕ್ಕೆ ಮೂರು, ಮೂರಲೆ ಸಾವಿರದ ಮುನ್ನೂರ ಇಪ್ಪತ್ತೊಂಬತ್ತು. ಉಳಿದದ್ದು ಇನ್ನೂರ ಎಪ್ಪತ್ತೊಂದು. ಎರಡು ಬಿಂದು ಎರಡು ಮೂರು. ಅಲ್ಲಿಗೆ ಗುತ್ತಿಗೆದಾರನ ಹೆಬ್ಬೆರಳು ಫೋನಿನ ಮೇಲೆ ಆಡುತ್ತಿದ್ದುದು ಅವನಿಗೆ ಕಣ್ಣಂಚಿನಲ್ಲಿ ಕಂಡಿತು. ಲೆಕ್ಕ ಒತ್ತುತ್ತಿದ್ದಾನೆಂದುಕೊಂಡ. ಶೇಷವನ್ನು ಹಾಗೇ ಬಿಟ್ಟು ನೂರೆಂಟರಿಂದ ಗುಣಿಸಿ, "ಇನ್ನೂರ ನಲವತ್ತು ಮುಕ್ಕಾಲು, ಮೇಲೊಂದು ಕೂದಲು" ಎಂದು ಕೂಗಿ ಹೇಳಿದ. ಗುತ್ತಿಗೆದಾರ ತಲೆ ಎತ್ತಿ, "ಆಂ? ಹೆಂಡ್ತಿ ಮೆಸೇಜು ಮೇಸ್ತ್ರಿ, ಕೇಳಿಸ್ಲಿಲ್ಲ" ಎಂದ. ಯಾರ ಜೊತೆಗೂ ಅಲ್ಲದ ಓಟದಲ್ಲಿ ಮೇಸ್ತ್ರಿ ಗೆದ್ದಿದ್ದ.

ಮರ ಕೊಯ್ದು, ತುದಿ ತಿದ್ದಿ, ಆರು ಜನ ಹೊತ್ತು ತಂದು ಕಂಬಗಳ ನಡುವೆ ಇಟ್ಟರೆ ಮೇಲ್ಗಡೆ ಅರ್ಧ ಇಂಚಿಗೂ ಮಿಕ್ಕಿ ಸಂದು. ಕೊಯ್ದ ಮರವನ್ನು ಬೈದರೆ ಉದ್ದವಾಗುತ್ತದೆಯೇ? ಆರೂ ಜನ ಹೆಗಲು ಕೊಟ್ಟು ನಿಂತೇ ಇದ್ದರು. ಗುತ್ತಿಗೆದಾರ ಸಂದಿನೊಳಗೆ ಬೆರಳು ತೂರಿಸಿ, ತೆಗೆದು, ಬೆರಳನ್ನೇ ನೋಡಿಕೊಂಡ. "ಇದೇನಿದು?" ಎಂದ. ಆಗ ಮೇಸ್ತ್ರಿಯ ಬಾಯಿಂದ ಎರಡೇ ಮಾತು ಬಂತು. "ಭಾವನ ಕಣ್ಣು." ಅವನಿಗೆ ಆಗ ನಿಜವಾಗಿ ಹಾಗೇ ಅನ್ನಿಸಿತ್ತು. ಲೆಕ್ಕ ಎಂದೂ ತಪ್ಪಿರಲಿಲ್ಲ, ಕಣ್ಣಿಗೆ ಅರವತ್ತೈದಾಗಿತ್ತು. ಯಾರೂ ಮತ್ತೆ ಟೇಪು ಹಿಡಿದು ನೋಡಲಿಲ್ಲ. ತಪ್ಪಿಗೆ ಒಬ್ಬರು ಸಿಕ್ಕ ಮೇಲೆ ಅಳತೆ ಯಾರಿಗೆ ಬೇಕು? ಭಾವ ಮೆಟ್ಟಿಲ ಕೆಳಗೆ ನಿಂತು, "ಹೌದು ಕಣಪ್ಪ, ನಂದೇ ಇರ್ಬೇಕು" ಎಂದರು. ಸಂದಿಗೆ ಬೇರೆ ಮರದ ಬಿಲ್ಲೆಯೊಂದನ್ನು ಕೂರಿಸಿ ಬಣ್ಣ ಹಚ್ಚಿದರು. ಬಣ್ಣ ಒಂದೇ ಆದರೂ ನಾರಿನ ಗೆರೆ ಅಡ್ಡ ಹೋಗುತ್ತದೆ. ಮೇಲೆ ಹತ್ತಿ ಬರುವವರ ಕೈ ಕೊನೆಗೆ ಬಂದು ನಿಲ್ಲುವುದು ಅದರ ಮೇಲೆಯೇ.

ಮೂರನೆಯ ದಿನ ಆ ಹಲಗೆ ತುಂಡು ಅವನ ಕೈಗೆ ಸಿಕ್ಕಿತ್ತು. ಪೆನ್ಸಿಲ್ ಗುರುತು ಹಾಗೇ ಇತ್ತು, ಕೆಳಗೆ ಇನ್ನೂರ ಎಪ್ಪತ್ತೊಂದು, ಅದರ ಕೆಳಗೆ ಏನೂ ಇಲ್ಲ. ನಿಂತಲ್ಲೇ ಇನ್ನೊಂದು ಸುತ್ತು ಮನಸ್ಸಿನಲ್ಲೇ ಮಾಡಿದ. ಆರು. ಸಾವಿರದಲ್ಲಿ ಆರು ಪಾಲು, ನೂರೆಂಟು ಸಲ. ಅರ್ಧ ಇಂಚು ಮತ್ತು ಮೇಲಿಷ್ಟು. ಅವನು ಸುತ್ತ ನೋಡಿ, ಹಲಗೆಯನ್ನು ಮೇಜಿಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಿ ಉಜ್ಜುಗೊರಡು ಹಾಯಿಸಿದ. ತೆಳ್ಳಗಿನ ಸುರುಳಿ ಎದ್ದು ಬಿತ್ತು, ಸುರುಳಿಯೊಳಗೆ ಅಂಕಿಗಳು ಬಾಗಿಕೊಂಡಿದ್ದವು. ಪಾಲಿಶಿನವಳು ಅದನ್ನೂ ಉಳಿದ ಹೊಟ್ಟಿನ ಜೊತೆ ಗುಡಿಸಿ ಚಹಾದ ಒಲೆಗೆ ಹಾಕಿದಳು. ಆವತ್ತಿನ ಚಹಾ ಅವನು ಕುಡಿದ. ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಅದೇ ಅವನಿಗೆ ಆಮೇಲೆ ಬಹಳ ದಿನ ನೆನಪಿದ್ದದ್ದು.

ಇವತ್ತು ವಾಚನಾಲಯದ ಹಿಂದಿನ ಭಾಗದ ಮೆಟ್ಟಿಲು. ನಕ್ಷೆಯಲ್ಲಿ ಮುಂಭಾಗದ್ದರ ಪಡಿಯಚ್ಚು. ಭಾವ ಟೇಪು ತೆಗೆದುಕೊಂಡು ಒಬ್ಬರೇ ಹೋದರು. ಮೇಸ್ತ್ರಿ ಮರದ ಬೆನ್ನು ತಡವುತ್ತ ಕೂತ. ಇದು ಎರಡನೆಯ ಮರ, ಮೂರನೆಯದು ಸಿಗುವುದಿಲ್ಲ. ಅವನು ಲೆಕ್ಕ ಹಾಕಿದ್ದ: ಈ ಸಲ ಸರಿಯಾಗಿ ಕೊಯ್ದರೆ ಸರಿಯಾಗಿ ಕೂರುತ್ತದೆ, ಕನ್ನಡಕ ಬಂದ ಮೇಲೆ ಭಾವನ ಕೈ ಸರಿಹೋಯಿತು ಎಂದು ಎಲ್ಲರೂ ಅನ್ನುತ್ತಾರೆ, ಭಾವನಿಗೂ ಸಂತೋಷ, ಹೆಸರೂ ಅಳಿಯುತ್ತದೆ. ಯಾರಿಗೂ ನಷ್ಟವಿಲ್ಲ. ಇಷ್ಟು ಚೆನ್ನಾಗಿ ಹೊಂದುವ ಲೆಕ್ಕದಲ್ಲಿ ಎಲ್ಲೋ ಒಂದು ಶೇಷ ಉಳಿದಿರುತ್ತದೆ ಎಂದು ಅವನಿಗೆ ಹೊಳೆಯಬೇಕಿತ್ತು.

ಹನ್ನೊಂದಕ್ಕೆ ಭಾವ ಬಂದರು. ಬಂದವರೇ ಉಕ್ಕಿನ ಟೇಪನ್ನು ಮೇಜಿನ ಮೇಲಿಟ್ಟರು. ಆಮೇಲೆ ಕೊರಳಿನದನ್ನೂ ತೆಗೆದು ಸುತ್ತಿ ಅದರ ಪಕ್ಕದಲ್ಲಿಟ್ಟರು.

"ಮತ್ತೆ ಅದೇ ಬಂತು ಕಣೋ."

"ಯಾವುದು?"

"ಇನ್ನೂರ ಹದಿನಾರು, ನೂರೆಂಟು. ಐದು ಸಲ ಅಳೆದೆ. ಕನ್ನಡಕ ಹಾಕಿ ಅಳೆದೆ, ತೆಗೆದು ಅಳೆದೆ. ಎರಡೂ ಒಂದೇ ನಕ್ಷೆ. ಅವತ್ತು ತಪ್ಪಿದ ಮೇಲೆ ಇವತ್ತು ಬೇರೆ ಬರ್ಬೇಕಲ್ಲ? ಅದೇ ಬರ್ತಿದೆ ಅಂದ್ರೆ ಇದು ಕನ್ನಡಕಕ್ಕೆ ಬಗ್ಗೋ ಕಾಯಿಲೆ ಅಲ್ಲ. ತಲೇಲಿ ಏನೋ ಆಗಿದೆ." ಅವರು ಪಾಲಿಶಿನವಳ ಕಡೆ ನೋಡಲಿಲ್ಲ. "ನಾಳೆಯಿಂದ ನಾನು ಬರಲ್ಲ. ಇನ್ನೊಂದು ಮರ ಹಾಳು ಮಾಡಿ ನಿನ್ನ ಹೆಸರು ಕೆಡಿಸೋದು ಬೇಡ."

ಪಾಲಿಶಿನವಳ ಕೈ ನಿಂತಿತು. ಸರಿಯಾದ ಅಳತೆ ಮೇಜಿನ ಮೇಲೆ, ಎರಡು ಟೇಪಿನ ಜೊತೆ, ಬಿದ್ದಿತ್ತು. ಆ ಮನುಷ್ಯ ತಮ್ಮ ಕಣ್ಣಿನ ಮೇಲಿನ ನಂಬಿಕೆ ಬಿಟ್ಟರು, ತಲೆಯ ಮೇಲಿನದನ್ನೂ ಬಿಟ್ಟರು, ಮೇಸ್ತ್ರಿಯ ಲೆಕ್ಕದ ಮೇಲಿನದನ್ನು ಮಾತ್ರ ಬಿಡಲಿಲ್ಲ. ಈಗ ಹೇಳಬೇಕು ಎಂದುಕೊಂಡ ಮೇಸ್ತ್ರಿ. "ಊಟಕ್ಕೆ ಹೋಗೋಣ ಬನ್ನಿ ಭಾವ" ಎಂದ.

ಅಕ್ಕನ ಮನೆ ಎರಡು ಬೀದಿ ಆಚೆ. ದಿನವೂ ಮಧ್ಯಾಹ್ನ ಅಲ್ಲೇ ಊಟ. ದಾರಿಯಲ್ಲಿ ಭಾವನ ಕೈ ಎರಡು ಮೂರು ಸಲ ಬರಿಗೊರಳಿಗೆ ಹೋಯಿತು. ಅಕ್ಕ ಬಾಗಿಲಲ್ಲೇ ಅದನ್ನು ನೋಡಿದಳು. "ಟೇಪೆಲ್ಲಿ?" ಎಂದಳು. ಹೊಲಿಗೆ ಬಿಟ್ಟ ದಿನವೂ ತೆಗೆಯದಿದ್ದ ಟೇಪು.

ಭಾವ ಹೇಳಿದರು. ಅಂಕಿಯನ್ನು ಅವರು ಇಷ್ಟು ದಿನ ಹೆಂಡತಿಗೆ ಹೇಳಿರಲಿಲ್ಲ, ನಾಚಿಕೆ. ಇವತ್ತು ಕಳೆದುಕೊಳ್ಳಲು ಏನೂ ಉಳಿಯದವರಂತೆ ಎರಡನ್ನೂ ಹೇಳಿ ಕೈ ತೊಳೆಯಲು ಹೋದರು. ಅಕ್ಕ ಬಡಿಸುತ್ತಿದ್ದವಳು ಸೌಟು ಪಾತ್ರೆಯಲ್ಲೇ ಬಿಟ್ಟಳು.

"ಎರಡೂ ನೂರೆಂಟರ ಲೆಕ್ಕ ಅಲ್ವೇನೋ? ಒಳಗೆ ಐದು ಉಳಿಯತ್ತೆ." ಕಪಾಟಿನ ಮೇಲಿಂದ ಕನ್ನಡಕದ ಅಂಗಡಿಯ ರಸೀದಿ ಎಳೆದು ಹಿಂಬದಿ ತಿರುಗಿಸಿ ನೆಲದ ಮೇಲೆ ಕೂತಳು. "ಎಷ್ಟು ವರ್ಷ ಆಯ್ತು. ಬರುತ್ತೋ ಇಲ್ವೋ."

"ಊಟ ಆರತ್ತೆ ಅಕ್ಕ."

"ಆರಲಿ."

ಅವಳು ನಿಧಾನವಾಗಿ ಬರೆದಳು. ಐದು. ಎರಡು. ನೂರು. ನಲವತ್ತೆರಡು. ತುಟಿ ಅಲ್ಲಾಡುತ್ತಿತ್ತು. ಮೇಸ್ತ್ರಿ ತಟ್ಟೆಯ ಮುಂದೆ ಕೂತು, ಅವಳ ಪೆನ್ನು ಹದಿನಾರಕ್ಕೆ ಬರುವುದನ್ನು, ಎರಡು ಸೊನ್ನೆ ಇಳಿಯುವುದನ್ನು, ನಲವತ್ತನಾಲ್ಕರ ಪಕ್ಕದಲ್ಲಿ ಮೂರು ಕೂರುವುದನ್ನು ನೋಡುತ್ತಿದ್ದ. ಇನ್ನೂರ ಎಪ್ಪತ್ತೊಂದು. ಇಲ್ಲಿ ನಿಲ್ಲಬಹುದು, ಅನೇಕರು ನಿಲ್ಲುತ್ತಾರೆ. ಅಕ್ಕ ನಿಲ್ಲಲಿಲ್ಲ. ಎರಡು ಸೊನ್ನೆ ಇಳಿಸಿದಳು, ಇನ್ನೂರ ಇಪ್ಪತ್ತಮೂರನ್ನು ಇಮ್ಮಡಿಸಿ ನಾನೂರ ನಲವತ್ತಾರು ಬರೆದು, ಪಕ್ಕಕ್ಕೆ ಏನಿಡಬೇಕೆಂದು ಪೆನ್ನಿನ ತುದಿ ಕಚ್ಚಿದಳು. ಐದು ಇಟ್ಟು ನೋಡುವವಳಿದ್ದಳು.

"ಆರು," ಎಂದ ಮೇಸ್ತ್ರಿ.

ಅವಳು ತಲೆ ಎತ್ತಿದಳು.

"ಮೊದಲನೇ ಮರ ಕೊಯ್ಯೋವಾಗ ನಾನು ಆ ಆರು ಬಿಟ್ಟೆ. ಅವಸರದಲ್ಲಿ. ಭಾವನ ಅಳತೆ ಸರಿ ಇತ್ತು. ಇವತ್ತಿಂದೂ ಸರಿ ಇದೆ."

ಭಾವ ಒದ್ದೆ ಕೈ ಕೆಳಗೆ ಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ನೀರು ತೊಟ್ಟಿಕ್ಕುತ್ತಿತ್ತು. "ಯಾವಾಗ ಗೊತ್ತಾಯ್ತು ನಿಂಗೆ?"

"ಮೂರನೇ ದಿನ."

"ಅಂದ್ರೆ ಹದಿನೆಂಟು ದಿನ ಆಯ್ತು." ಭಾವ ಬೇರೆ ಲೆಕ್ಕದಲ್ಲಿ ಹಿಂದಿದ್ದರೂ ದಿನದ ಲೆಕ್ಕದಲ್ಲಿ ಗಟ್ಟಿ. "ನಾನು ಕಣ್ಣಿನ ಆಸ್ಪತ್ರೆಗೆ ಹೋಗೋ ಬಸ್ಸಿಗೆ ನಿಂತಾಗ ನೀನೇ ಕೊಡೆ ತಂದುಕೊಟ್ಟೆ."

"ಹೌದು ಭಾವ."

"ಬಿಸಿಲಿದೆ, ಹುಷಾರು ಅಂದೆ."

"ಅಂದೆ."

ಅಕ್ಕ ಪೆನ್ನನ್ನು ಮತ್ತೆ ರಸೀದಿಗೆ ಇಟ್ಟಳು. ಆರು ಬರೆದಳು, ಕಳೆದಳು, ಮುನ್ನೂರ ನಾಲ್ಕು ಉಳಿಯಿತು. ಇನ್ನೂ ಒಂದು ಸುತ್ತು ಮಾಡಿ ಸೊನ್ನೆ ಬಂದ ಮೇಲೆಯೇ ಗುಣಿಸಿದಳು. "ಇನ್ನೂರ ನಲವತ್ತೊಂದೂವರೆ. ಕೂದಲು ಕಡಿಮೆ." ರಸೀದಿಯನ್ನು ತಮ್ಮನ ಕೈಗೆ ಕೊಟ್ಟಳು, ಎದ್ದು ಸೆರಗಿಗೆ ಕೈ ಒರೆಸಿಕೊಂಡು ಬಡಿಸಿದಳು. ಐವತ್ತು ವರ್ಷದಲ್ಲಿ ಅವಳು ಅವನ ತಟ್ಟೆಗೆ ಎರಡನೆಯ ಸಲ ಹಾಕುವಾಗ ಕೇಳಿದ್ದಿಲ್ಲ. ಬೇಡವೆಂದರೂ ಸೌಟು ಬರುತ್ತಿತ್ತು. ಇವತ್ತು ತಟ್ಟೆಯ ಮೇಲೆ ಸೌಟು ಹಿಡಿದು ನಿಂತು, "ಬೇಕಾ?" ಎಂದು ಕೇಳಿದಳು. ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಸಾಕು ಎಂದ. ಅವಳು ಸರಿ ಎಂದು ಒಳಗೆ ಹೋದಳು.

ಶೆಡ್ಡಿಗೆ ಬಂದು ಎಲ್ಲರ ಎದುರಿಗೆ ಇನ್ನೊಮ್ಮೆ ಹೇಳಿದ. ಎರಡನೆಯ ಸಲ ಸುಲಭವಾಗಲಿಲ್ಲ. "ಅಯ್ಯೋ, ನಾನು ಎಷ್ಟೊಂದು ಅಂದುಬಿಟ್ಟೆನಲ್ಲ ಟೈಲರಣ್ಣಂಗೆ!" ಎಂದು ಪಾಲಿಶಿನವಳು ಹಣೆ ಚಚ್ಚಿಕೊಂಡಳು. ಅವಳ ಸಿಟ್ಟೆಲ್ಲ ಮೇಸ್ತ್ರಿಯ ಮೇಲೆ. "ನಂಗೆ ಒಂದು ಮಾತು ಹೇಳಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ." ಗುತ್ತಿಗೆದಾರನಿಗೆ ಫೋನು ಮಾಡಿ, "ಕಣ್ಣಲ್ಲ ಸಾರ್, ಲೆಕ್ಕ. ನಂದು" ಎಂದ. ಆ ಕಡೆಯವನು ಬಹಳ ಹೊತ್ತು ನಕ್ಕ. "ಅದಕ್ಕೇ ಫೋನ್ ಕೊಡ್ಲಾ ಅಂದೆ ಮೇಸ್ತ್ರಿ" ಎಂದ. ಬೈಯಬಹುದು ಎಂದುಕೊಂಡಿದ್ದ ಮೇಸ್ತ್ರಿಗೆ ಆ ನಗು ಕಿವಿಯಲ್ಲಿ ಹೊಟ್ಟು ಹೊಕ್ಕಂತೆ ಸಂಜೆಯವರೆಗೂ ಉಳಿಯಿತು.

ಎರಡು ದಿನ ಭಾವ ಬರಲಿಲ್ಲ. ಮೂರನೆಯ ದಿನ ಬಂದು, ಮೇಜಿನ ಮೇಲಿದ್ದ ಬಟ್ಟೆಯ ಟೇಪಿನ ಧೂಳು ಕೊಡವಿ ಕೊರಳಿಗೆ ಹಾಕಿಕೊಂಡರು. ಕನ್ನಡಕ ಇರಲಿಲ್ಲ. "ಮನೇಲಿ ಅವಳು ಹಾಕ್ಕೋತಿದ್ದಾಳೆ, ಸೂಜಿಗೆ ದಾರ ಪೋಣಿಸೋಕೆ ಚೆನ್ನಾಗಿದೆಯಂತೆ," ಎಂದರು. ಮೇಸ್ತ್ರಿ ರಸೀದಿ ನೋಡಿ ಮರಕ್ಕೆ ಗುರುತು ಹಾಕಿದ. ಗುರುತಿನಿಂದ ಎರಡು ಇಂಚು ಹೆಚ್ಚು ಬಿಟ್ಟು ಇನ್ನೊಂದು ಗೆರೆ ಎಳೆದು ಅಲ್ಲಿ ಕೊಯ್ದ. ಪಾಲಿಶಿನವಳು ನೋಡಿ, ಮತ್ತೆ ಉಪ್ಪುಕಾಗದಕ್ಕೆ ಬಗ್ಗಿದಳು. ಮೆಟ್ಟಿಲ ಹತ್ತಿರ ಮರವನ್ನು ಎತ್ತಿ ಹಿಡಿದು, ಗುರುತು ಸರಿಯಿದೆಯೆಂದು ಭಾವ ತಲೆಯಾಡಿಸಿದ ಮೇಲೆ ಹೆಚ್ಚಿನದನ್ನು ಕೊಯ್ದರು. ಮರ ಎರಡು ಕಂಬದ ನಡುವೆ ಕಾಗದವೂ ತೂರದಂತೆ ಕೂತಿತು. ಬಿದ್ದ ತುಂಡನ್ನು ಭಾವ ಎತ್ತಿ ಅಳೆದರು. ಸರಿಯಾಗಿ ಎರಡು ಇಂಚು.

ಮುಂಭಾಗದ ಮೆಟ್ಟಿಲಿನ ಬಿಲ್ಲೆ ಹಾಗೇ ಇದೆ. ಈಗ ಅದನ್ನು ಶೆಡ್ಡಿನಲ್ಲಿ ಮೇಸ್ತ್ರಿಯ ಇಂಚು ಅನ್ನುತ್ತಾರೆ, ಅವನ ಬೆನ್ನ ಹಿಂದೆ. ಕೆಲಸ ಹೋಗಲಿಲ್ಲ, ಭಾವ ಉಳಿದರು. ಮೇಸ್ತ್ರಿ ಈಗಲೂ ಹಲಗೆಯ ಮೇಲೆ ಪೆನ್ಸಿಲಿನಲ್ಲೇ ಮೂಲ ತೆಗೆಯುತ್ತಾನೆ. ಅಂಕಿ ಹೇಳಿದ ಕೂಡಲೆ ಭಾವ ಟೇಪು ಎಳೆಯುವ ಮೊದಲು, ಮುಖದಲ್ಲಿ ಏನೂ ಇಟ್ಟುಕೊಳ್ಳದೆ, "ಶೇಷ ಎಷ್ಟುಳೀತು?" ಎಂದು ಕೇಳುತ್ತಾರೆ. ಅವನು ಹೇಳುತ್ತಾನೆ. ಮೊದಲು ಅವರು ಕೇಳುತ್ತಿರಲಿಲ್ಲ.